ಶನಿವಾರಕ್ಕೆ ಎಷ್ಟನೆಯ ನಂಬರು?

2025ರ ನವೆಂಬರ್ 8 ಶನಿವಾರ. ಅದರಲ್ಲಿ ಯಾರ ತಕರಾರೂ ಇಲ್ಲ. ಹುಬ್ಬಳ್ಳಿಯ ಗೋಡೆ ಕ್ಯಾಲೆಂಡರೂ ಅದನ್ನೇ ಹೇಳುತ್ತದೆ, ಲಂಡನ್ನಿನ ಡೈರಿಯೂ ಅದನ್ನೇ ಹೇಳುತ್ತದೆ. ಆದರೆ ಅದೇ ದಿನಾಂಕವನ್ನು ಡೇಟಾಬೇಸ್ ಸರ್ವರ್ ಮುಂದಿಟ್ಟು ‘ಇದು ವಾರದ ಎಷ್ಟನೆಯ ದಿನ?’ ಎಂದು ಕೇಳಿ ನೋಡಿ. ಒಬ್ಬರಿಗೆ 7 ಎಂಬ ಉತ್ತರ ಬರುತ್ತದೆ, ಪಕ್ಕದ ಮೇಜಿನವರಿಗೆ 6. ಸರ್ವರ್ ಒಂದೇ, ದಿನಾಂಕ ಒಂದೇ, ಕೇಳಿದ ಪ್ರಶ್ನೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಕೇಳಿದವರ ಲಾಗಿನ್ ಮಾತ್ರ.

ಓಣಿಯಲ್ಲಿ ‘ಮೂರನೆಯ ಮನೆ’ ಎಂದರೆ ಯಾವ ತುದಿಯಿಂದ ಎಣಿಸಬೇಕು ಎಂದು ಮರುಪ್ರಶ್ನೆ ಕೇಳುತ್ತೇವೆ. ವಾರಕ್ಕೂ ಆ ಪ್ರಶ್ನೆ ಬೇಕು. ಏಳು ದಿನಗಳ ಸರದಿ ಸಾವಿರಾರು ವರ್ಷಗಳಿಂದ ಒಂದು ದಿನವೂ ತಪ್ಪದೆ ಉರುಳಿಕೊಂಡು ಬಂದಿದೆ. ಆದರೆ ಎಣಿಕೆ ಎಲ್ಲಿಂದ ಎಂಬುದನ್ನು ಯಾರೂ ಒಮ್ಮತದಿಂದ ಗೊತ್ತು ಮಾಡಿಲ್ಲ. ನಮ್ಮ ಕ್ಯಾಲೆಂಡರುಗಳಲ್ಲಿ ಮೊದಲ ಸಾಲು ರವಿವಾರದ್ದು. 1988ರಲ್ಲಿ ಬಂದ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಸೋಮವಾರ ಮೊದಲು. ಅಮೆರಿಕದಲ್ಲಿ ರವಿವಾರ, ಬ್ರಿಟನ್ನಿನಲ್ಲಿ ಸೋಮವಾರ. ಎರಡೂ ಸರಿ. ತೊಂದರೆ ಶುರುವಾಗುವುದು ಎರಡರಲ್ಲಿ ಯಾವುದು ಎಂದು ಹೇಳದೆ ಬಿಟ್ಟಾಗ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್ ತಯಾರಿಸುವ ಒಂದು ಕಾರ್ಖಾನೆ ಇದೆ ಎಂದು ಇಟ್ಟುಕೊಳ್ಳೋಣ. ಅಲ್ಲಿಯ ಹಾಜರಿ, ಪಗಾರ ಎಲ್ಲವೂ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿವೆ. ಬೆರಳಚ್ಚಿನ ಯಂತ್ರದಿಂದ ಬರುವ ಫೈಲಿನಲ್ಲಿ ತಾರೀಖುಗಳು ನಾವು ಬರೆಯುವ ಹಾಗೆಯೇ ಇರುತ್ತವೆ: ಮೊದಲು ದಿನ, ಆಮೇಲೆ ತಿಂಗಳು. ಸರ್ವರ್‌ನ ಮೂಲ ಭಾಷೆ ಅಮೆರಿಕದ ಇಂಗ್ಲಿಷ್. ಅದು 04/07/2025 ಎಂಬುದನ್ನು ಏಪ್ರಿಲ್ 7 ಎಂದು ಓದುತ್ತದೆ. 25/07/2025 ಕಂಡರೆ ಇಪ್ಪತ್ತೈದನೆಯ ತಿಂಗಳು ಎಲ್ಲಿದೆ ಎಂದು ಎರರ್ ಕೊಟ್ಟು ಕೂಡುತ್ತದೆ.

ಇಲ್ಲಿ ನಮ್ಮ ದೇಶದ ಪ್ರೋಗ್ರಾಮರ್‌ಗೆ ಒಂದು ವಿಶೇಷ ಇಕ್ಕಟ್ಟಿದೆ. ಎಸ್‌ಕ್ಯೂಎಲ್ ಸರ್ವರ್‌ನ ಭಾಷೆಗಳ ಪಟ್ಟಿಯಲ್ಲಿ ಎಸ್ಟೋನಿಯನ್ ಇದೆ, ಸ್ಲೋವೇನಿಯನ್ ಇದೆ, ಥಾಯ್ ಇದೆ. ಕನ್ನಡವಿಲ್ಲ, ಹಿಂದಿಯಿಲ್ಲ, ಭಾರತದ ಒಂದು ಭಾಷೆಯೂ ಇಲ್ಲ. ಭಾರತದ ಇಂಗ್ಲಿಷ್ ಎಂಬ ಪ್ರತ್ಯೇಕ ಆಯ್ಕೆಯೂ ಇಲ್ಲ. ನಮ್ಮ ತಾರೀಖಿನ ಪದ್ಧತಿಗೆ ಹತ್ತಿರದ್ದು ಬ್ರಿಟಿಷ್ ಇಂಗ್ಲಿಷ್. ಹಾಗಾಗಿ ಪ್ರೋಗ್ರಾಮರ್ ಆ ಲಾಗಿನ್‌ನ ಭಾಷೆಯನ್ನು ಬ್ರಿಟಿಷ್‌ಗೆ ಬದಲಿಸುತ್ತಾನೆ. ಜುಲೈ 4 ಜುಲೈ 4 ಆಗಿಯೇ ಒಳಗೆ ಬರುತ್ತದೆ, ಎರರ್ ನಿಲ್ಲುತ್ತದೆ. ಎಲ್ಲರಿಗೂ ಸಮಾಧಾನ.

ಆದರೆ ಭಾಷೆಯ ಸೆಟ್ಟಿಂಗ್ ತಾರೀಖಿನ ಕ್ರಮವನ್ನಷ್ಟೇ ಬದಲಿಸುವುದಿಲ್ಲ. ಅದರ ಜೊತೆಗೆ ಡೇಟ್‌ಫಸ್ಟ್ ಎಂಬ ಇನ್ನೊಂದು ಸೆಟ್ಟಿಂಗ್ ಕೂಡ ಸದ್ದಿಲ್ಲದೆ ಬದಲಾಗುತ್ತದೆ. ಅಮೆರಿಕದ ಇಂಗ್ಲಿಷ್‌ನಲ್ಲಿ ಅದರ ಬೆಲೆ 7, ಅಂದರೆ ವಾರ ರವಿವಾರದಿಂದ ಶುರು. ಬ್ರಿಟಿಷ್‌ನಲ್ಲಿ 1, ಅಂದರೆ ಸೋಮವಾರದಿಂದ. ವಾರದ ಅಂಕಿ ಕೊಡುವ ಡೇಟ್‌ಪಾರ್ಟ್ ಎಂಬ ಫಂಕ್ಷನ್ ಪ್ರತಿ ಸಲವೂ ಈ ಬೆಲೆಯನ್ನು ನೋಡಿಯೇ ಉತ್ತರಿಸುತ್ತದೆ. ನಿನ್ನೆಯವರೆಗೆ 7 ಆಗಿದ್ದ ಶನಿವಾರ ಇವತ್ತು 6. ನಿನ್ನೆ 1 ಆಗಿದ್ದ ರವಿವಾರ ಇವತ್ತು 7. ಎಲ್ಲಿಯೂ ಎರರ್ ಇಲ್ಲ, ಎಚ್ಚರಿಕೆಯ ಸಾಲೂ ಇಲ್ಲ. ಈ ದೋಷ ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುವುದು ಇದೇ ಕಾರಣಕ್ಕೆ.

ಈ ಬದಲಾವಣೆ ಇಡೀ ಸರ್ವರ್‌ಗೆ ಅನ್ವಯಿಸುವುದೂ ಇಲ್ಲ. ಭಾಷೆ ಪ್ರತಿಯೊಂದು ಲಾಗಿನ್‌ಗೂ ಬೇರೆ ಬೇರೆ. ಸರ್ವರ್‌ನ ಮೂಲ ಭಾಷೆ ಬದಲಿಸಿದರೆ ಅದು ಹೊಸದಾಗಿ ಮಾಡಿದ ಲಾಗಿನ್‌ಗಳಿಗೆ ಮಾತ್ರ ತಾಗುತ್ತದೆ, ಹಳೆಯವು ತಮ್ಮ ಹಳೆಯ ಭಾಷೆಯಲ್ಲೇ ಇರುತ್ತವೆ. ಪ್ರೋಗ್ರಾಮ್ ಸರ್ವರ್‌ಗೆ ಜೋಡಣೆಯಾಗುವಾಗ ಕೊಡುವ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಇನ್ನೊಂದು ಭಾಷೆ ಬರೆದಿದ್ದರೆ ಅದು ಲಾಗಿನ್‌ನ ಭಾಷೆಯನ್ನೂ ಮೀರಿಸುತ್ತದೆ. ಆದ್ದರಿಂದ ಪ್ರೋಗ್ರಾಮರ್ ತನ್ನ ಲ್ಯಾಪ್‌ಟಾಪ್‌ನಿಂದ ಪರೀಕ್ಷೆ ಮಾಡಿದಾಗ ಲೆಕ್ಕ ಸರಿ ಬರುತ್ತದೆ. ರಾತ್ರಿ ಎರಡಕ್ಕೆ ತಾನಾಗಿ ಓಡುವ ಪಗಾರದ ಜಾಬ್ ಬೇರೆ ಲಾಗಿನ್‌ನಲ್ಲಿ ಓಡುತ್ತದೆ, ಅಲ್ಲಿ ತಪ್ಪುತ್ತದೆ. ‘ನನ್ನ ಕಡೆ ಸರಿ ಬರಾಕತ್ತೈತಿ ನೋಡ್ರಿ’ ಎಂಬ ಮಾತು ಸಾಫ್ಟ್‌ವೇರ್ ಆಫೀಸುಗಳಲ್ಲಿ ದಿನಬೆಳಗಾದರೆ ಕೇಳುತ್ತದೆ. ಈ ಪ್ರಸಂಗದಲ್ಲಿ ಅದು ಅಕ್ಷರಶಃ ನಿಜ.

ಸರ್ವರ್ ಮಾಡಿದವರಿಗೆ ಇದು ಗೊತ್ತಿಲ್ಲದೆ ಇಲ್ಲ. ಒಂದು ಟೇಬಲ್‌ನಲ್ಲಿ ತಾರೀಖಿನಿಂದ ವರ್ಷವನ್ನು ಲೆಕ್ಕ ಹಾಕಿ ಕಾಲಂ ಮಾಡಿ, ಅದಕ್ಕೆ ಇಂಡೆಕ್ಸ್ ಕಟ್ಟಿ ಎಂದರೆ ಕಟ್ಟಿಕೊಡುತ್ತದೆ. ವಾರದ ಅಂಕಿಯನ್ನು ಅದೇ ರೀತಿ ಕಾಲಂ ಮಾಡಿ ಇಂಡೆಕ್ಸ್ ಕಟ್ಟಿ ಎಂದರೆ ಒಪ್ಪುವುದಿಲ್ಲ. ‘ಈ ಬೆಲೆ ಖಚಿತವಲ್ಲ’ ಎಂಬುದು ಅದರ ತಕರಾರು. ಇಂಡೆಕ್ಸ್ ಎಂದರೆ ಒಮ್ಮೆ ಬರೆದಿಟ್ಟು ಎಲ್ಲರಿಗೂ ತೋರಿಸುವ ಸೂಚಿ. ಕೇಳುವವರು ಬದಲಾದಂತೆ ಬದಲಾಗುವ ಉತ್ತರವನ್ನು ಅದರಲ್ಲಿ ಬರೆದಿಡಲಾಗುವುದಿಲ್ಲ. ವಾರದ ಅಂಕಿ ದಿನಾಂಕದ ಸ್ವಂತ ಗುಣವಲ್ಲವೆಂದು ಸರ್ವರೇ ಇಲ್ಲಿ ಒಪ್ಪಿಕೊಂಡಿದೆ. ಈ ವಿಷಯ ಕಲಿಸುವಾಗ ಮೊದಲು ತೋರಿಸಬೇಕಾದದ್ದು ಇದನ್ನೇ ಎಂದು ನನಗನ್ನಿಸುತ್ತದೆ.

ಇನ್ನು ಕಾರ್ಖಾನೆಗೆ ಮರಳೋಣ. 2015ರ ಸೆಪ್ಟೆಂಬರ್ 1ರಿಂದ ದೇಶದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸೂಟಿ. ರಾಜ್ಯ ಸರಕಾರಿ ಕಚೇರಿಗಳಿಗೂ 2019ರಿಂದ ನಾಲ್ಕನೆಯ ಶನಿವಾರದ ಸೂಟಿ ಸೇರಿಕೊಂಡಿತು. ನಮ್ಮ ಕಾರ್ಖಾನೆಯೂ ಎರಡನೆಯ ಶನಿವಾರ ಬಾಗಿಲು ಹಾಕುತ್ತದೆ ಎನ್ನೋಣ. ಪಗಾರದ ಪ್ರೋಗ್ರಾಮ್‌ನಲ್ಲಿ ಬರೆದ ನಿಯಮ ಸರಳ: ತಾರೀಖು 8ರಿಂದ 14ರೊಳಗಿರಬೇಕು, ವಾರದ ಅಂಕಿ 7 ಇರಬೇಕು. ನವೆಂಬರ್‌ನಲ್ಲಿ ಅಮೆರಿಕದ ಲೆಕ್ಕಕ್ಕೆ ಸಿಗುವುದು 8ನೇ ತಾರೀಖು. ಬ್ರಿಟಿಷ್ ಲೆಕ್ಕಕ್ಕೆ 9ನೇ ತಾರೀಖು, ಅಂದರೆ ರವಿವಾರ. ಹೇಗೂ ಸೂಟಿ ಇರುವ ರವಿವಾರಕ್ಕೇ ಮತ್ತೊಂದು ಸೂಟಿ ಬಿದ್ದು, 8ನೇ ತಾರೀಖು ಕೆಲಸದ ದಿನವಾಗುತ್ತದೆ. ಆ ದಿನ ಮನೆಯಲ್ಲಿದ್ದವರೆಲ್ಲ ಗೈರುಹಾಜರು.

ಇದು ಯಾವಾಗಲೂ ಒಂದೇ ದಿನದ ವ್ಯತ್ಯಾಸವಾಗಿದ್ದರೆ ಹಿಡಿಯುವುದು ಸುಲಭವಿತ್ತು. 2026ರ ಫೆಬ್ರುವರಿ ನೋಡಿ. ಆ ತಿಂಗಳ 1ನೇ ತಾರೀಖೇ ರವಿವಾರ. ಎರಡನೆಯ ಶನಿವಾರ 14ಕ್ಕೆ. ಬ್ರಿಟಿಷ್ ಲೆಕ್ಕದಲ್ಲಿ 8ರಿಂದ 14ರೊಳಗೆ ಅಂಕಿ 7 ಬರುವುದು 8ನೇ ತಾರೀಖಿನ ರವಿವಾರಕ್ಕೆ. ಈ ಸಲ ತಪ್ಪು ಆರು ದಿನ ಹಿಂದೆ ಸರಿದಿದೆ. ಹೀಗೆ ಒಂದು ತಿಂಗಳು ಮುಂದೆ, ಇನ್ನೊಂದು ತಿಂಗಳು ಹಿಂದೆ ಓಡಾಡುವ ತಪ್ಪನ್ನು ಹುಡುಕುವವರು ಮೊದಲು ಬೆರಳಚ್ಚಿನ ಯಂತ್ರವನ್ನೇ ಬಯ್ಯುತ್ತಾರೆ.

ಸೂಟಿಗಿಂತ ಗಂಭೀರವಾದದ್ದು ಹೆಚ್ಚುವರಿ ದುಡಿಮೆಯ ಲೆಕ್ಕ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ದುಡಿಯುವವರ ರೊಕ್ಕದ ಮಾತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯನ್ನು ಬರೆದವರು ವಾರ ಎಂದರೇನು ಎಂಬುದನ್ನು ಊಹೆಗೆ ಬಿಡಲಿಲ್ಲ. ಶನಿವಾರ ರಾತ್ರಿಯ ನಡುರಾತ್ರಿಯಿಂದ ಏಳು ದಿನ ಎಂದು ವ್ಯಾಖ್ಯೆಯಲ್ಲೇ ಬರೆದರು. ಯಾವುದಾದರೂ ಪ್ರದೇಶಕ್ಕೆ ಬೇರೆ ರಾತ್ರಿಯಿಂದ ಎಣಿಸಬೇಕಿದ್ದರೆ ಮುಖ್ಯ ಕಾರ್ಖಾನೆ ನಿರೀಕ್ಷಕರ ಲಿಖಿತ ಒಪ್ಪಿಗೆ ಬೇಕೆಂದರು. ಸರ್ವರ್‌ನ ಮಾತಿನಲ್ಲಿ ಹೇಳಿದರೆ ಕಾಯ್ದೆಯ ಡೇಟ್‌ಫಸ್ಟ್ 7, ಅದನ್ನು ಬದಲಿಸುವುದಕ್ಕೆ ಅಧಿಕಾರಿಯ ಸಹಿ ಬೇಕಿತ್ತು. ವಾರಕ್ಕೆ 48 ತಾಸು ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಎಂಬುದೂ ಅದೇ ಕಾಯ್ದೆಯ ಮಾತಾಗಿತ್ತು.

ಈಗ ಒಬ್ಬ ಕೆಲಸಗಾರನ ಲೆಕ್ಕ ಹಾಕೋಣ. ದಿನಕ್ಕೆ ಎಂಟು ತಾಸು. ನವೆಂಬರ್ 3ರ ಸೋಮವಾರದಿಂದ 7ರ ಶುಕ್ರವಾರದವರೆಗೆ ಐದು ದಿನ ದುಡಿದ. 8ರ ಎರಡನೆಯ ಶನಿವಾರ ಸೂಟಿ. ತುರ್ತು ಆರ್ಡರ್ ಇತ್ತೆಂದು 9ರ ರವಿವಾರ ಬಂದು ದುಡಿದ. ಆಮೇಲೆ 10ರಿಂದ 15ರವರೆಗೆ ಎಂದಿನಂತೆ ಆರು ದಿನ. ರವಿವಾರದಿಂದ ಎಣಿಸಿದರೆ 9ರಿಂದ 15ರ ವಾರದಲ್ಲಿ ಏಳು ದಿನ, 56 ತಾಸು. ವಾರದ ವ್ಯಾಖ್ಯೆ ಮತ್ತು 48 ತಾಸಿನ ಮಿತಿ ಎರಡನ್ನಷ್ಟೇ ಹಿಡಿದರೆ ಎಂಟು ತಾಸಿಗೆ ದುಪ್ಪಟ್ಟು ಕೂಲಿ ಸಿಗಬೇಕು. ಸೋಮವಾರದಿಂದ ಎಣಿಸಿದರೆ ಆ ರವಿವಾರ ಹಿಂದಿನ ವಾರಕ್ಕೆ ಹೋಗಿ ಕೂಡುತ್ತದೆ. ಅಲ್ಲಿ ಐದು ದಿನಕ್ಕೆ ಒಂದು ಸೇರಿ 48 ತಾಸು, ಮುಂದಿನ ವಾರದಲ್ಲೂ 48. ಹೆಚ್ಚುವರಿ ದುಡಿಮೆ ಎಂಬುದು ಕಾಗದದ ಮೇಲಿಂದ ಪೂರಾ ಮಾಯ. ಯಾರೂ ಮೋಸ ಮಾಡಲಿಲ್ಲ, ಯಾರೂ ಕೂಡಿಸುವುದರಲ್ಲಿ ತಪ್ಪಲಿಲ್ಲ. ತಾರೀಖಿನ ಎರರ್ ಹೋಗಲೆಂದು ಯಾರೋ ಬದಲಿಸಿದ ಒಂದು ಭಾಷೆ ಅವನ ಒಂದು ದಿನದ ದುಪ್ಪಟ್ಟು ಕೂಲಿಯನ್ನು ತಿಂದು ಹಾಕಿತು.

ಬೇರೆ ಸರ್ವರ್‌ಗಳ ಕತೆ ಚುಟುಕಾಗಿ ಹೇಳಬಹುದು. ಒರಾಕಲ್‌ನಲ್ಲಿ ವಾರದ ಅಂಕಿಯನ್ನು ಪ್ರದೇಶದ ಸೆಟ್ಟಿಂಗ್ ನಿರ್ಧರಿಸುತ್ತದೆ, ಅಂದರೆ ಅದೇ ರೋಗ ಬೇರೆ ಹೆಸರಿನಲ್ಲಿ. ಮೈಎಸ್‌ಕ್ಯೂಎಲ್‌ನಲ್ಲಿ ಎರಡು ಫಂಕ್ಷನ್‌ಗಳಿವೆ: ಒಂದರಲ್ಲಿ ರವಿವಾರ 1, ಇನ್ನೊಂದರಲ್ಲಿ ಸೋಮವಾರ 0. ಸೆಟ್ಟಿಂಗ್‌ಗೆ ಅವು ಬಗ್ಗುವುದಿಲ್ಲ, ಆದರೆ ವಾರದ ಕ್ರಮಸಂಖ್ಯೆ ಕೇಳಿದರೆ ಅಲ್ಲಿಯೂ ಒಂದು ಸೆಟ್ಟಿಂಗ್ ಅಡ್ಡ ಬರುತ್ತದೆ. ಪೋಸ್ಟ್‌ಗ್ರೆಸ್ ನನಗೆ ಹೆಚ್ಚು ಮೆಚ್ಚುಗೆ. ರವಿವಾರ 0 ಎನ್ನುವ ಎಣಿಕೆಗೆ ಒಂದು ಹೆಸರು, ಸೋಮವಾರ 1 ಎನ್ನುವ ಐಎಸ್ಒ ಎಣಿಕೆಗೆ ಇನ್ನೊಂದು ಹೆಸರು. ಬರೆದವರು ಯಾವುದನ್ನು ಕೇಳಿದರೆಂಬುದು ಓದಿದವರಿಗೆ ಅಲ್ಲೇ ಕಾಣುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್ನೊಂದು ಗೋಜಲೂ ಇದೆ. ಎರಡು ದಿನಾಂಕಗಳ ನಡುವೆ ಎಷ್ಟು ವಾರ ಎಂದು ಡೇಟ್‌ಡಿಫ್ ಫಂಕ್ಷನ್‌ಗೆ ಕೇಳಿದರೆ ಅದು ಡೇಟ್‌ಫಸ್ಟ್ ಕಡೆ ತಿರುಗಿಯೂ ನೋಡದೆ ಯಾವಾಗಲೂ ರವಿವಾರವನ್ನೇ ಹಿಡಿದು ಎಣಿಸುತ್ತದೆ. ಬ್ರಿಟಿಷ್ ಲಾಗಿನ್‌ನಲ್ಲಿ ಒಂದೇ ರಿಪೋರ್ಟಿನ ಎರಡು ಕಾಲಂಗಳು ಎರಡು ಬಗೆಯ ವಾರವನ್ನು ತೋರಿಸುವುದು ಹೀಗೆ.

ಕಾಲವನ್ನು ಯಾವ ಪದ್ಧತಿಯಿಂದ ಎಣಿಸಿದರು ಎಂಬ ಪ್ರಶ್ನೆ ಹುಬ್ಬಳ್ಳಿಯ ನೆರೆಯ ಧಾರವಾಡಕ್ಕೆ ಹೊಸದಲ್ಲ. 1939ರಲ್ಲಿ ಇಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ಆರ್. ಎಸ್. ಪಂಚಮುಖಿಯವರ ಮುಂದಾಳ್ತನದಲ್ಲಿ ಊರೂರಿನ ಶಾಸನಗಳ ಪಡಿಯಚ್ಚು ತಂದು, ಓದಿ, ಅಚ್ಚು ಹಾಕಿಸುವ ಕೆಲಸ ನಡೆಯಿತು. ಶಾಸನದಲ್ಲಿ ಕಾಲ ಹೇಳುವ ಭಾಗವನ್ನು ಗಮನಿಸಿ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ಕೊನೆಗೆ ವಾರ. ಮೊದಲ ಐದರಲ್ಲೂ ಪದ್ಧತಿಯ ಭೇದಗಳಿವೆ. ಶಕವರ್ಷ ಕಳೆದದ್ದೋ ನಡೆಯುತ್ತಿರುವುದೋ? ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೋ ಹುಣ್ಣಿಮೆಗೋ? ವಾರಕ್ಕೆ ಆ ಗೊಂದಲವಿಲ್ಲ. ಅದಕ್ಕೇ ಶಾಸನದ ಕಾಲವನ್ನು ಪರೀಕ್ಷಿಸುವವರು ವಾರವನ್ನು ಸಾಕ್ಷಿಯಾಗಿ ಹಿಡಿಯುತ್ತಾರೆ. ಉಳಿದ ವಿವರಗಳಿಂದ ಲೆಕ್ಕ ಹಾಕಿ ಬಂದ ದಿನ ಶಾಸನ ಹೇಳಿದ ವಾರವೇ ಆಗಿದ್ದರೆ ಲೆಕ್ಕದ ದಾರಿ ಸರಿ, ಇಲ್ಲದಿದ್ದರೆ ಎಲ್ಲೋ ಎಡವಿದೆ.

ಇದರ ಹೆಸರಾಂತ ಉದಾಹರಣೆ ಮಧ್ಯಪ್ರದೇಶದ ಏರಣ್‌ನಲ್ಲಿದೆ. ಬುಧಗುಪ್ತನ ಕಾಲದ ಸ್ತಂಭಶಾಸನ, ಗುಪ್ತವರ್ಷ 165, ಆಷಾಢ ಶುದ್ಧ ದ್ವಾದಶಿ, ಗುರುವಾರ. ಗುಪ್ತರ ವರ್ಷಗಣನೆ ಯಾವಾಗ ಶುರುವಾಯಿತು ಎಂಬ ವಾದ ಹತ್ತೊಂಬತ್ತನೆಯ ಶತಮಾನದಲ್ಲಿ ಬಿಸಿಯಾಗಿತ್ತು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ 1882ರಲ್ಲೇ ಪುಸ್ತಕ ಬರೆದಿದ್ದ ಜೆ. ಎಫ್. ಫ್ಲೀಟ್ ಗುಪ್ತ ಶಾಸನಗಳ ಸಂಪುಟವನ್ನು 1888ರಲ್ಲಿ ಹೊರತಂದರು. ಶಂಕರ ಬಾಲಕೃಷ್ಣ ದೀಕ್ಷಿತರು ಅದಕ್ಕೆ ಪಂಚಾಂಗದ ಲೆಕ್ಕ ಹಾಕಿಕೊಟ್ಟರು. ಗುಪ್ತಶಕೆ ಕ್ರಿಸ್ತಶಕ 319–20ರಲ್ಲಿ ಶುರುವಾಯಿತೆಂದು ಹಿಡಿದರೆ ಏರಣ್ ಶಾಸನದ ದಿನ 484ರ ಜೂನ್ 21ಕ್ಕೆ ಬೀಳುತ್ತದೆ, ಅದು ಗುರುವಾರವೇ. ಒಂದು ವಾರದ ಹೆಸರು ಒಂದು ಸಾಮ್ರಾಜ್ಯದ ಕಾಲವನ್ನು ಗಟ್ಟಿ ಮಾಡಲು ನೆರವಾಯಿತು.

ದೀಕ್ಷಿತರಂಥವರು ವಾರವನ್ನು ಹೇಗೆ ಕಂಡುಹಿಡಿಯುತ್ತಿದ್ದರು? ಅಹರ್ಗಣದಿಂದ. ಒಂದು ಗೊತ್ತಾದ ದಿನದಿಂದ ಇವತ್ತಿನವರೆಗೆ ಕಳೆದ ದಿನಗಳ ಒಟ್ಟು ಎಣಿಕೆಯೇ ಅಹರ್ಗಣ. ಅದನ್ನು ಏಳರಿಂದ ಭಾಗಿಸಿ, ಉಳಿದ ಶೇಷವನ್ನು ಆ ಮೊದಲ ದಿನದ ವಾರದಿಂದ ಎಣಿಸಿದರೆ ಇವತ್ತಿನ ವಾರ. ಕಲಿಯುಗದ ಮೊದಲ ದಿನ ಕ್ರಿಸ್ತಪೂರ್ವ 3102ರ ಫೆಬ್ರುವರಿ 18, ಶುಕ್ರವಾರ. ಹಾಗಾಗಿ ಕಲಿ ಅಹರ್ಗಣದ ಎಣಿಕೆ ಶುಕ್ರವಾರದಿಂದ. ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಬಹುಕಾಲ ಪಂಚಾಂಗಕ್ಕೆ ಆಧಾರವಾಗಿದ್ದ ಗ್ರಹಲಾಘವದಲ್ಲಿ ಗಣೇಶ ದೈವಜ್ಞ ಬೇರೆ ಆರಂಭ ಇಟ್ಟುಕೊಂಡ: ಶಕ 1442, ಅಂದರೆ 1520ರ ಮಾರ್ಚ್ 19, ಸೋಮವಾರ. ಅವನು ಹನ್ನೊಂದು ವರ್ಷಕ್ಕೊಂದು ಚಕ್ರ ಮಾಡಿ, ಚಕ್ರಕ್ಕೆ 4016 ದಿನ ಹಿಡಿದ. 4016ನ್ನು ಏಳರಿಂದ ಭಾಗಿಸಿದರೆ ಉಳಿಯುವುದು 5. ಆದ್ದರಿಂದ ಕಳೆದ ಚಕ್ರಗಳನ್ನು ಐದರಿಂದ ಗುಣಿಸಿ, ಈ ಚಕ್ರದ ದಿನಗಳನ್ನು ಕೂಡಿಸಿ, ಏಳರಿಂದ ಭಾಗಿಸಿದರೆ ಸಾಕು, ದೊಡ್ಡ ಸಂಖ್ಯೆಗಳ ಗೊಡವೆಯೇ ಇಲ್ಲ. ಎಷ್ಟು ಚೆಂದದ ಲೆಕ್ಕ! ಒಂದು ಪದ್ಧತಿ ಶುಕ್ರವಾರದಿಂದ, ಇನ್ನೊಂದು ಸೋಮವಾರದಿಂದ ಎಣಿಸಿದರೂ ಜೋಯಿಸರ ನಡುವೆ ಇದರಿಂದ ಜಗಳವಾಗಲಿಲ್ಲ. ಎಣಿಕೆಯ ಆರಂಭವನ್ನು ಗ್ರಂಥದಲ್ಲೇ ಹೇಳಿಟ್ಟಿದ್ದರು.

ಸರ್ವರ್‌ನ ರೋಗಕ್ಕೂ ಮದ್ದು ಇದೇ. 1900ರ ಜನವರಿ 1 ಸೋಮವಾರ. ಅಲ್ಲಿಂದ 2025ರ ನವೆಂಬರ್ 8ರವರೆಗೆ ಎಷ್ಟು ದಿನ ಎಂದು ಡೇಟ್‌ಡಿಫ್ ಫಂಕ್ಷನ್‌ಗೆ ಕೇಳಿ: 45,967. ದಿನಗಳ ಎಣಿಕೆಗೆ ಯಾವ ಭಾಷೆಯ ಹಂಗೂ ಇಲ್ಲ. ಏಳರಿಂದ ಭಾಗಿಸಿದರೆ ಶೇಷ 5. ಸೋಮವಾರ 0 ಎಂದು ಹಿಡಿದರೆ 5 ಶನಿವಾರ. ಕಲಿ ಅಹರ್ಗಣ ಹಾಕಿ ನೋಡಿದರೆ ಅದೇ ದಿನಕ್ಕೆ 18,72,522 ಬರುತ್ತದೆ, ಶೇಷ 1, ಶುಕ್ರವಾರದ ಮರುದಿನ ಶನಿವಾರ. ಯುನಿಕ್ಸ್ ಕಂಪ್ಯೂಟರುಗಳು ಎಣಿಸುವುದು 1970ರ ಜನವರಿ 1ರ ಗುರುವಾರದಿಂದ. ಅವುಗಳ ಲೆಕ್ಕದಲ್ಲಿ ಅದು 20,400ನೆಯ ದಿನ, ಶೇಷ 2, ಗುರುವಾರದಿಂದ ಎರಡು ದಿನ ಮುಂದೆ. ಮತ್ತೆ ಶನಿವಾರ.

ಹಳೆಯ ಪ್ರೋಗ್ರಾಮ್‌ಗಳಲ್ಲಿ ಡೇಟ್‌ಪಾರ್ಟ್ ಬಿಡಲು ಮನಸ್ಸಿಲ್ಲದಿದ್ದರೆ ಅದಕ್ಕೆ ಡೇಟ್‌ಫಸ್ಟ್‌ನ ಬೆಲೆಯನ್ನು ಕೂಡಿಸಿ ಏಳರಿಂದ ಭಾಗಿಸಬಹುದು. ಶನಿವಾರಕ್ಕೆ ಅಮೆರಿಕದಲ್ಲಿ 7ಕ್ಕೆ 7 ಕೂಡಿ 14, ಬ್ರಿಟಿಷ್‌ನಲ್ಲಿ 6ಕ್ಕೆ 1 ಕೂಡಿ 7. ಎರಡಕ್ಕೂ ಶೇಷ ಸೊನ್ನೆ. ತಾರೀಖುಗಳನ್ನೂ 20250704 ಎಂದು ಗೀಟಿಲ್ಲದೆ ಒಟ್ಟಿಗೆ ಬರೆದರೆ ಭಾಷೆ ಬದಲಿಸುವ ಪ್ರಸಂಗವೇ ಬರುವುದಿಲ್ಲ. 2025-07-04 ಎಂದು ಬರೆದರೆ ಸುರಕ್ಷಿತ ಎಂದು ಬಹಳ ಜನ ನಂಬಿದ್ದಾರೆ. ಹಳೆಯ ಡೇಟ್‌ಟೈಮ್ ಬಗೆಯ ಕಾಲಂನಲ್ಲಿ ಬ್ರಿಟಿಷ್ ಲಾಗಿನ್ ಅದನ್ನು ಏಪ್ರಿಲ್ 7 ಎಂದೇ ಓದುತ್ತದೆ. ಇನ್ನು ದೊಡ್ಡ ಕಚೇರಿಗಳಲ್ಲಿ ಪಳಗಿದವರು ಒಂದು ಕ್ಯಾಲೆಂಡರ್ ಟೇಬಲ್ಲನ್ನೇ ಮಾಡಿಡುತ್ತಾರೆ: ದಿನಕ್ಕೊಂದು ಸಾಲು, ಅದರಲ್ಲಿ ವಾರ, ಸೂಟಿ ಹೌದೋ ಅಲ್ಲವೋ, ಯಾವ ವಾರಕ್ಕೆ ಸೇರಿದ್ದು. ಹತ್ತು ವರ್ಷಕ್ಕೆ ಮೂರು ಸಾವಿರದ ಆರುನೂರು ಚಿಲ್ಲರೆ ಸಾಲು, ಸರ್ವರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಯುಗಾದಿ, ರಮ್ಜಾನ್‌ಗಳನ್ನು ಹೇಗೂ ಸರಕಾರಿ ಆದೇಶ ನೋಡಿಯೇ ತುಂಬಬೇಕು. ಜೊತೆಗೆ ಎರಡನೆಯ ಶನಿವಾರವನ್ನೂ ತುಂಬಿಟ್ಟರೆ ಕಣ್ಣಿಂದಲೇ ತಪಾಸಣೆ ಮಾಡಬಹುದು.

ಎಕ್ಸೆಲ್‌ನಿಂದ ದಿನಗಳ ಎಣಿಕೆಯನ್ನು ತರುವವರು ಮಾತ್ರ ಎಚ್ಚರವಾಗಿರಬೇಕು. ನವೆಂಬರ್ 8ಕ್ಕೆ ಎಕ್ಸೆಲ್ ಕೊಡುವ ಸಂಖ್ಯೆ 45,969, ಸರ್ವರ್‌ನದಕ್ಕಿಂತ ಎರಡು ಹೆಚ್ಚು. ಎಕ್ಸೆಲ್ 1900ರ ಜನವರಿ 1ನ್ನು ಸೊನ್ನೆಯ ಬದಲು 1 ಎಂದು ಎಣಿಸುವುದರಿಂದ ಒಂದು. 1900 ಅಧಿಕ ವರ್ಷವೆಂದು ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಮಾಡಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ಉಳಿಸಿಕೊಂಡು, ಇಲ್ಲದ ಫೆಬ್ರುವರಿ 29ನ್ನು ಎಣಿಸಿರುವುದರಿಂದ ಇನ್ನೊಂದು. ಆ ಸಂಖ್ಯೆಯನ್ನು ನೇರವಾಗಿ ಸರ್ವರ್‌ಗೆ ಸುರಿದರೆ ಶನಿವಾರ ಸೋಮವಾರವಾಗುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ದಿನವೇ ಯಾವಾಗ ಶುರು? ಆರ್ಯಭಟನೇ ಎರಡು ಪದ್ಧತಿಗಳನ್ನು ಬಳಸಿದ್ದ. 499ರ ಆರ್ಯಭಟೀಯದಲ್ಲಿ ದಿನ ಸೂರ್ಯೋದಯದಿಂದ. ಅವನ ಇನ್ನೊಂದು, ಈಗ ಕಳೆದುಹೋಗಿರುವ ಗ್ರಂಥದಲ್ಲಿ ನಡುರಾತ್ರಿಯಿಂದ. ಅದು ನಮಗೆ ಗೊತ್ತಾಗಿರುವುದು ಮುಖ್ಯವಾಗಿ ಬ್ರಹ್ಮಗುಪ್ತನ ಖಂಡಖಾದ್ಯಕದ ಮೂಲಕ. ಇವತ್ತು ಕ್ಲೌಡ್‌ನಲ್ಲಿರುವ ಸರ್ವರ್‌ಗಳಿಗೂ ಅದೇ ಪ್ರಶ್ನೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಎಸ್‌ಕ್ಯೂಎಲ್ ಡೇಟಾಬೇಸ್‌ನ ಗಡಿಯಾರ ಯಾವಾಗಲೂ ಜಾಗತಿಕ ಸಮಯ, ಅಂದರೆ ಯುಟಿಸಿಯಲ್ಲಿ ಓಡುತ್ತದೆ. ನಮ್ಮ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಅದಕ್ಕಿನ್ನೂ ಹಿಂದಿನ ದಿನ. ಹುಬ್ಬಳ್ಳಿಯಲ್ಲಿ ಮೂಡಣ ಕೆಂಪೇರುವ ಹೊತ್ತಿಗೆ ಅದರ ವಾರ ಬದಲಾಗುತ್ತದೆ. ಪಂಚಾಂಗಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ, ಹಾಜರಿ ಪುಸ್ತಕಕ್ಕೆ ಹೊಂದುವುದಿಲ್ಲ. ರವಿವಾರ ನಸುಕಿನ ಎರಡು ಗಂಟೆಗೆ ಒತ್ತಿದ ಬೆರಳು ಅಲ್ಲಿ ಶನಿವಾರ ರಾತ್ರಿ ಎಂಟೂವರೆಗೆ ದಾಖಲಾಗುತ್ತದೆ. ಭಾರತೀಯ ಸಮಯಕ್ಕೆ ಮೊದಲು ಬದಲಿಸಿ, ಆಮೇಲೆ ವಾರ ಕೇಳಬೇಕು.

ಹಾಗೆ ಬದಲಿಸಿದರೂ ರಾತ್ರಿ ಪಾಳಿಯವರ ಲೆಕ್ಕ ಪೂರ್ತಿಯಾಗುವುದಿಲ್ಲ. ಶನಿವಾರ ರಾತ್ರಿ ಹತ್ತಕ್ಕೆ ಒಳಗೆ ಹೋಗಿ ರವಿವಾರ ಬೆಳಿಗ್ಗೆ ಆರಕ್ಕೆ ಹೊರಬಂದವನು ಯಾವ ದಿನ ದುಡಿದ? ಕಾರ್ಖಾನೆ ಕಾಯ್ದೆಯ 57ನೆಯ ಕಲಮು ಇದನ್ನು ಯೋಚಿಸಿತ್ತು. ನಡುರಾತ್ರಿಯ ನಂತರದ ತಾಸುಗಳನ್ನು ಹಿಂದಿನ ದಿನಕ್ಕೇ ಸೇರಿಸಬೇಕು, ಅವನ ಮಟ್ಟಿಗೆ ಮರುದಿನ ಶುರುವಾಗುವುದು ಪಾಳಿ ಮುಗಿದ ಮೇಲೆ ಎಂದು ಅದು ಹೇಳಿತು. ದಿನದ ಆರಂಭ ಹೀಗೆ ಆಳಿಂದ ಆಳಿಗೆ ಬೇರೆಯಾದಾಗ ಅದಕ್ಕೆ ಯಾವ ಸರ್ವರ್‌ನಲ್ಲೂ ಸೆಟ್ಟಿಂಗ್ ಸಿಗುವುದಿಲ್ಲ. ಬೆರಳು ಒತ್ತಿದ ಸಮಯದ ಪಕ್ಕದಲ್ಲಿ ಪಾಳಿಯ ತಾರೀಖು ಎಂಬ ಇನ್ನೊಂದು ಕಾಲಂ ಇಟ್ಟು, ಪಾಳಿ ಶುರುವಾದ ದಿನವನ್ನು ಅದರಲ್ಲಿ ಬರೆಯಬೇಕು. ವಾರದ ಲೆಕ್ಕವನ್ನೂ ಆ ಕಾಲಂನಿಂದಲೇ ತೆಗೆಯಬೇಕು.